ಪರಸಿ ಮ್ಯಾಲ ಮೋತಿಯ ಉಗುರು

ಬರ್ರಿ, ಆ ಗೋಡಿಗೆ ಬೆನ್ನ ಹಚ್ಚಿ ಕುಂದ್ರಿ. ಕಾಲ ಚಾಚ್ರಿ, ಇಲ್ಲಿ ಯಾರೂ ಏನೂ ಅನ್ನಂಗಿಲ್ಲ. ನಾ ಹೇಳೋದು ಸಾವಿನ ಮನಿ ಮಾತು, ಆದ್ರ ನಗು ಬಂದ್ರ ನಕ್ಕುಬಿಡ್ರಿ. ಮನಿಯಾಗ ದುಃಖ ಕುಂತಾಗೇ ಇಂಥವು ಒಂದರ ಹಿಂದ ಒಂದು ಆಗ್ತಾವ. ನಮ್ಮಲ್ಲಿ ಆದದ್ದೆಲ್ಲ ಒಂದು ನಾಯಿ ಪಂಜಾದ ಸಲುವಾಗಿ.

ಆಗಿನ್ನೂ ಮೈಸೂರು ರಾಜ್ಯ ಅಂತಿದ್ರು. ನಮ್ಮ ಮನಿಯವ್ರು ಶಹಾಬಾದದ ಖಣಿಯಾಗ ಪರಸಿ ಕಲ್ಲು ಕಡೀತಿದ್ರು. ನಮ್ಮ ಮನಿ ನೆಲದ ಪರಸಿನೂ ಅವರೇ ಕಡದು, ಅವರೇ ಕುಂತು ತಿಕ್ಕಿ, ಮುಖ ಕಾಣೋ ಹಂಗ ನುಣುಪು ಮಾಡಿದ್ರು. ಕಲ್ಲಿನ ಧೂಳು ಎದಿಯಾಗ ಇಳದು, ಕಡೀಕ ಹೊರಸು ಹಿಡದು ಮಲಗಿದ್ರು. ಊಟ ಸೇರವಲ್ದು. ಒಂದು ರೂಢಿ ಮಾತ್ರ ಬಿಡಲಿಲ್ಲ. ರೊಟ್ಟಿಯ ಮೊದಲ ತುಣುಕು ನಮ್ಮ ನಾಯಿ ಮೋತಿಗೆ, ಅದು ತಿಂದ ಮ್ಯಾಲ ತಾವು.

ಮೋತಿನೂ ಮುದಿಯಾಗಿತ್ತು. ಉಗುರು ಕುಡಗೋಲಿನಂಗ ಬೆಳದು, ಬೆರಳ ಸಂದ್ಯಾಗ ಕೂದಲ ಗಂಟಾಗಿ, ಆ ನುಣುಪು ಪರಸಿ ಮ್ಯಾಲ ನಾಕು ಕಾಲು ನಾಕು ದಿಕ್ಕಿಗೆ ಹೋಗೋವು. ಒಮ್ಮೆ ಜೋರಾಗಿ ಬಿದ್ದು, ಹೊಸ್ತಿಲ ದಾಟೋದೇ ಬಿಡ್ತು. ಎತ್ತಿ ತರಬೇಕಂದ್ರ ಕರುವಿನಷ್ಟು ದೊಡ್ಡದು.

"ತುಣುಕು ಅಲ್ಲೇ ಒಯ್ದು ಹಾಕ್ತೀನ್ರಿ" ಅಂದೆ.

"ಅಂವ ಭಿಕ್ಷುಕ ಏನು? ತಾನೇ ಬರ್ಲಿ" ಅಂದ್ರು.

ನಾಯಿ ಬರವಲ್ದು, ಇವರು ರೊಟ್ಟಿ ಉಣವಲ್ರು, ಬರೀ ಎರಡು ಗುಟುಕು ಗಂಜಿ. ದಿನಾ ಇಷ್ಟಿಷ್ಟೇ ಕರಗಾಕತ್ತಿದ್ರು. ನಡುವ ನಾನು, ಕೈಯಾಗ ರೊಟ್ಟಿ ಹಿಡಕೊಂಡು.

ಎತ್ತಿನ ಹಗ್ಗ

ಚಿತ್ತಾಪುರ ಕಡಿಯಿಂದ ಎತ್ತಿನ ಕಾಲಿಗೆ ನಾಲ ಹೊಡಿಯೋ ಮುದುಕ ಒಬ್ಬ ಸಂತಿಗೆ ಬರ್ತಿದ್ದ. ಕರಕೊಂಡು ಬಂದು ಉಗುರು ತೋರಿಸಿದೆ.

"ನಾಯಿಗೆ ಎಂದೂ ಮಾಡಿಲ್ಲವ್ವಾ. ಆದ್ರ ಕಾಲಂದ್ರ ಕಾಲೇ" ಅಂದ.

ಎತ್ತು ಕೆಡವೋ ಹಂಗೇ ಮೋತಿಯ ಹೊಟ್ಟಿಗೆ ಹಗ್ಗ ಸುತ್ತಿ ಎಳದ. ಎತ್ತು ಆದ್ರ ಮೆಲ್ಲಕ ಮಂಡಿ ಊರ್ತಿತ್ತು. ಮೋತಿ ಅವನ ಕಾಲ ಸುತ್ತ ಗರಗರ ತಿರಗಿ ಹಗ್ಗದಿಂದ ನುಸಳಿ ಹೊರಗ ಬಂತು. ಮುದುಕ ಅಂಗಳದಾಗ ಅಡ್ಡ ಬಿದ್ದ, ಎರಡೂ ಕಾಲು ಗಟ್ಟಿ ಬಿಗದಿದ್ವು. ಮೋತಿ ಬಾಜೂಕ ಕುಂತು ಅವನ ಗಡ್ಡ ನೆಕ್ಕಾಕತ್ತಿತ್ತು.

"ಏನ್ ಬಿತ್ತು?" ಅಂತ ಒಳಗಿಂದ ನಮ್ಮವ್ರು ಕೇಳಿದ್ರು.

"ಮುದುಕ ಬಿದ್ದಾನ್ರಿ. ಕಾಲ ಕಟ್ಟ್ಯಾವ."

"ಹೆಂಗೂ ಕಟ್ಟ್ಯಾವಂದ್ರ ಎರಡು ನಾಲ ಹೊಡದು ಕಳಸ್ರಿ."

ಮದರಂಗಿ

ಬಾಜೂ ಮನಿ ಆಪಾ ಬಟ್ಟಿ ಹೊಲೀತಿದ್ಲು. "ಹಗ್ಗ ಯಾಕ, ನೀ ಅದರ ತಲಿ ಸವರ್ಕೋತ ಕುಂದ್ರು" ಅಂದು, ಬೆಚ್ಚಗನ ನೀರಾಗ ಪಂಜಾ ನೆನಸಿ, ಸಂದಿ ಕೂದಲೆಲ್ಲ ಕತ್ತರಿಯಿಂದ ನೀಟಾಗಿ ತಗದ್ಲು. ಅಂಗಾಲು ಒಡದದ್ದು ಕಂಡು ಮದರಂಗಿ ಮೆತ್ತಿ, ಔಡಲ ಎಲಿ ಸುತ್ತಿ ಕಟ್ಟಿದ್ಲು. ತಂಪಂತ.

ತೊಳದ ಮ್ಯಾಲ ನೋಡಿದ್ರ ನಾಕೂ ಪಂಜಾ ಕೆಂಪು ಕೆಂಪು. ಓಣ್ಯಾಗ ಹೋಗವ್ರು ನಿಂತು, "ಯಾರ ಮನಿ ಮದಲಗಿತ್ತಿ ಇದು?" ಅಂತ ಕೇಳಿದ್ರು.

"ಮದಲಗಿತ್ತಿ ಅಲ್ರಿ, ನೌಷಾ, ಮದುಮಗ" ಅಂದ್ಲು ಆಪಾ.

ನಮ್ಮವ್ರು ಹೊರಸಿನ ಮ್ಯಾಲಿಂದ ಹೊಸ್ತಿಲ ಕಡೆ ನೋಡಿ, "ಮದಿವ್ಯಾಗ ನಿನ್ನ ಕೈಗೂ ಇಷ್ಟು ಏರಿರಲಿಲ್ಲ" ಅಂದ್ರು.

"ಅದಕೇ ಈ ಕೈಯಾಗಿನ ರೊಟ್ಟಿ ನಿಮಗ ಬ್ಯಾಡಾಗ್ಯಾದ" ಅಂದೆ ನಾನು.

ಸತ್ತ ನಾಯಿ

ಆದ್ರ ಕತ್ತರಿಗೆ ಬಗ್ಗದ ಉಗುರು ಹಂಗೇ ಇದ್ವು. ಮೋತಿ ಒಂದು ಕಾಲ ಒಳಗ ಇಡೋದು, ಜಾರೋದು, ಹಿಂದ ಸರಿಯೋದು. ಅದನ್ನ ನೋಡಿ ನೋಡಿ ಒಂದಿನ ನಮ್ಮವ್ರು, "ನನ್ನ ಹೊಸ್ತಿಲಕ ಒಯ್ರಿ. ನನ್ನ ತಿಕ್ಕೋ ಕಲ್ಲು ಕೊಡ್ರಿ" ಅಂದ್ರು.

ನಾನೂ ಸೊಸಿನೂ ಹಿಡಕೊಂಡು ಹೋಗಿ ಕುಂದ್ರಸಿದ್ವಿ. ಮೋತಿ ತಾನೇ ಪಂಜಾ ಎತ್ತಿ ಅವರ ತೊಡಿ ಮ್ಯಾಲ ಇಟ್ಟಿತು. ಪರಸಿಯ ಅಂಚು ತಿಕ್ಕೋ ಹಂಗ, ನೀರು ಹಚ್ಚಿ, ಉಸಿರು ಬಿಟ್ಟು ಉಸಿರು ಹಿಡದು, ಉಗುರು ತಿಕ್ಕಿದ್ರು. ಒಂದು ದಿನದ ಕೆಲಸ ಅಲ್ಲ ಅದು. ಅವರ ಕೈಯಾಗಿನ ಕಡೀ ಕೆಲಸ ಅದೇ.

ಉಗುರೆಲ್ಲ ಮುಗದ ದಿನ ಮೋತಿ ಜಾರದಂಗ ನಡಕೊಂಡು ಹೊರಸಿನ ತನಕ ಬಂತು. ಅವತ್ತು ರೊಟ್ಟಿ ಉಂಡ್ರು. ಭಾಳ ದಿನದ ಮ್ಯಾಲ.

ಆದ್ರ ಮುಂದ ಇನ್ನೊಂದು ಆಯ್ತು. ಮೊದಲು ಉಗುರು ಪರಸಿ ಮ್ಯಾಲ ಟಕ್ ಟಕ್ ಅಂತಿದ್ವು. ಈಗ ಸಪ್ಪಳೇ ಇಲ್ಲ. ಹೊಳ್ಳಿ ನೋಡಾಕ ಶಕ್ತಿ ಇಲ್ಲದ ನಮ್ಮವ್ರು ಗೋಡಿ ಕಡೆ ಮುಖ ಮಾಡಿ ಅಳಾಕತ್ತಿದ್ರು.

"ಮೋತಿ ಸತ್ತದ. ನೀವು ನನಗ ಹೇಳವಲ್ರಿ."

"ನಿಮ್ಮ ಬೆನ್ನ ಹಿಂದೇ ನಿಂತದ್ರಿ."

"ಸುಳ್ಳ ಹೇಳಬ್ಯಾಡ."

ಕಾದು ಬ್ಯಾಸತ್ತ ಮೋತಿ ತಾಟಿನಾಗಿನ ರೊಟ್ಟಿ ಇಡೀದೇ ಕಚ್ಚಿಕೊಂಡು ಹೋಯ್ತು. ನಾ ಖಾಲಿ ತಾಟು ಅವರ ಮುಖದ ಮುಂದ ಹಿಡದೆ.

"ಹಂಗಾದ್ರ ಸತ್ತದ್ದು ರೊಟ್ಟಿ ಅನ್ನು" ಅಂದ್ರು.

ಅವತ್ತೇ ಮೋತಿಯ ಕಾಲಿಗೆ ಸೊಸಿಯ ಹಳೀ ಗೆಜ್ಜಿ ಕಟ್ಟಿದೆ. ಅವರಿಗೆ ಕೇಳಲಿ ಅಂತ.

ಗೆಜ್ಜಿ

ಜ್ವಾಳದ ರಾಶಿ ಟೈಮಿನಾಗ ಅವರು ಹೋದ್ರು. ಸುಲೇಪೇಟದಿಂದ ನಾದಿನಿ ಬಂದ್ಲು, ಬಾಯಿ ಭಾಳ ಜೋರು. ಅಣ್ಣನ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳಾಕತ್ತಿದ್ಲು, ಓಣಿ ಹೆಣಮಕ್ಕಳೆಲ್ಲ ಸುತ್ತ ಕುಂತಿದ್ರು. ಅಷ್ಟರಾಗ ಎಲ್ಲೋ ಝಲ್ ಝಲ್ ಅಂತು.

ನಾದಿನಿ ಅಳು ಅರ್ಧಕ ನಿಲ್ಲಿಸಿ, "ಹೆಣ ಮನ್ಯಾಗಿದ್ದಾಗ ಯಾವಾಕಿಗೆ ಗೆಜ್ಜಿ ಬೇಕಾದ್ವು?" ಅಂತ ಸೊಸಿಯನ್ನ ದುರುಗುಟ್ಟಿ ನೋಡಿದ್ಲು.

ಸೊಸಿ ಪಾಪ, ಸೀರಿ ಅಂಚು ಎತ್ತಿ ಬರೀ ಕಾಲು ತೋರಿಸಿದ್ಲು. ಬಾಜೂಕಿದ್ದಾಕಿನೂ ತೋರಿಸಿದ್ಲು. ಹಂಗೇ ಒಬ್ಬೊಬ್ಬರೂ, ಎಂಬತ್ತು ದಾಟಿದ ಮುದುಕೇರೂ ಸೀರಿ ಎತ್ತಿ ಕಾಲು ತೋರಿಸಿದ್ರು. ಕಡೀಕ ಎಲ್ಲರೂ ನಾದಿನಿಯನ್ನೇ ನೋಡಾಕತ್ತಿದ್ರು. ಆಕಿನೂ ತೋರಿಸಬೇಕಾಯ್ತು.

ಆಗ ಮೋತಿ ಒಳಗ ಬಂತು. ಮದರಂಗಿ ಮಾಸಿರಲಿಲ್ಲ, ಗೆಜ್ಜಿ ಕಾಲಾಗಿತ್ತು. ನೆಟ್ಟಗ ನಡಕೊಂಡು ಬಂದು ನಮ್ಮವ್ರ ಬಾಜೂಕ ಕುಂತಿತು. ರೊಟ್ಟಿ ಹೊತ್ತಾಗಿತ್ತು.

"ಅಣ್ಣಾ, ಸಿಂಗಾರ ಮಾಡಿಕೊಂಡು ಬಂದಾನಲ್ಲೋ ನಿನ್ನ ಮದುಮಗ" ಅಂತ ನಾದಿನಿ ನಕ್ಕಳೋ ಅತ್ತಳೋ, ನನಗ ಇವತ್ತಿಗೂ ತಿಳೀವಲ್ದು. ನಾ ಒಂದು ತುಣುಕು ಕೊಟ್ಟೆ. ತಿಂದು, ಅವರು ತಿನ್ನಲಿ ಅಂತ ಅವರ ಬಾಯಿ ನೋಡ್ಕೋತ ಕುಂತಿತು.

ನಾಲದ ಮುದುಕ ಈಗಿಲ್ಲ. ಇರೋತನಕ ನಮ್ಮ ಓಣಿ ಬಾಯಾಗ ನಿಂತು "ನಾಯಿ ಕಟ್ಟೀರೇನು?" ಅಂತ ಕೇಳೇ ಒಳಗ ಬರ್ತಿದ್ದ. ಆಪಾ ವಾಡಿ ಊರಾಗಿನ ಮಗಳ ಮನಿಗೆ ಹೋಗಿ ಅಲ್ಲೇ ತೀರಿಕೊಂಡ್ಲು. ನಾದಿನಿ ಆ ಮ್ಯಾಲ ಯಾರ ಸಾವಿಗೆ ಹೋದ್ರೂ ಮೊದಲ ನಾಯಿ ಹೊರಗ ಹಾಕಸ್ತಿದ್ಲು, ಆಕಿನೂ ಹೋದ್ಲು. ಮೋತಿ ಮಳಿಗಾಲದ ತನಕ ಇತ್ತು. ಉಗುರು ಮತ್ತ ಬೆಳದ್ವು. ನಾ ಕಲ್ಲ ಹಿಡಕೊಂಡು ಕುಂತ್ರ ಪಂಜಾ ಕೊಡಲಿಲ್ಲ. ಬೇವಿನ ಗಿಡದ ಕೆಳಗ ಮಣ್ಣ ಮಾಡಿದ್ವಿ.

ಉಳದವ್ರು ನಾನೂ ಸೊಸಿನೂ. ನಾ ಇನ್ನೂ ಮೊದಲ ತುಣುಕು ಪರಸಿ ಮ್ಯಾಲ ಇಡ್ತೀನಿ.

"ಅತ್ತಿ, ಇರುವಿ ಬರ್ತಾವ" ಅಂತ ಸೊಸಿ ಬೈತಾಳ.

"ಬರ್ಲಿ ಬಿಡವ್ವಾ" ಅಂತೀನಿ, "ಅವರ ಪರಸಿ ಮ್ಯಾಲ ಜಾರದಂಗ ನಡಿಯೋದು ಅವಕ್ಕಾದ್ರೂ ಗೊತ್ತದ."