ಊಟ ಬಡಿಸಿ ಸಬ್ಸಿಡಿ ಕಳೆದುಕೊಂಡವರು

ಸರ್ಕಾರದ ಸಬ್ಸಿಡಿಯನ್ನು ಜನ ಹೇಗೆ ಹೇಗೋ ಕಳೆದುಕೊಳ್ಳುತ್ತಾರೆ. ನನ್ನ ಸೋದರಮಾವ ಮೂರು ಸಲ ಕಳೆದುಕೊಂಡದ್ದು ಊಟೋಪಚಾರದಿಂದ! ನಾಲ್ಕನೆಯ ಸಲ ಹಾಗಾಗಬಾರದೆಂದು, ಆ ಮಂಗಳವಾರ ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ, ಪುರಸೈವಾಕ್ಕಂನ ಅವರ ಹೋಟೆಲಿನಲ್ಲಿ ರಿಹರ್ಸಲ್ ನಡೆಯಿತು. ಅತ್ತೆ ಇನ್‌ಸ್ಪೆಕ್ಟರಾಗಿ ತಪಾಸಣೆಗೆ ಒಳಗೆ ಬರಬೇಕು. ಮಾವ "ವಣಕ್ಕಂ" ಎಂದು ತಮಿಳಿನಲ್ಲಿ ನಮಸ್ಕಾರವಷ್ಟೇ ಹೇಳಿ ಸುಮ್ಮನಿರಬೇಕು. ಅತ್ತೆ ಬಂದರು. ಮಾವ ವಣಕ್ಕಂ ಹೇಳಿ ತುಟಿ ಬಿಗಿದುಕೊಂಡರು. ಎಷ್ಟು ಹೊತ್ತು ತಾನೇ ಬಿಗಿದುಕೊಂಡಾರು?

"ಸಾಪ್ಟೀಂಗಳಾ?"

"ಹೋಯ್ತು ಸಬ್ಸಿಡಿ," ಎಂದರು ಅತ್ತೆ. "ನಿಮ್ಮ ಬಾಯಿಗೆ ಪ್ಲಾಸ್ಟರ್ ಹಾಕ್ಬೇಕು ಮಾರಾಯ್ರೆ."

"ಬಿಸಿಲಲ್ಲಿ ಬಂದವರನ್ನ ಊಟ ಆಯ್ತಾ ಅಂತ ಕೇಳದೆ ಎಂತ ಮಾಡುವುದು?"

ಏಳು ಸಲ ರಿಹರ್ಸಲ್ ಆಯಿತು. ಏಳು ಸಲವೂ ಅತ್ತೆಗೆ ಊಟದ ಆಹ್ವಾನ ಸಿಕ್ಕಿತು!

ತಾಂಬರಂ ದಾಟಿದರೆ ಮಾವನ ಒಂದೂವರೆ ಎಕರೆ ಇದೆ. ಊರಿನಿಂದ ಗುಳ್ಳ ಬದನೆಯ ಬೀಜ ತಂದು, ಸಗಣಿ ಗೊಬ್ಬರ ಹಾಕಿ ಬೆಳೆಸಿ, ಹೋಟೆಲಿನ ಸಾಂಬಾರಿಗೆ ಹಾಕುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬ, ವಿಷ ಹೊಡೆದಿಲ್ಲ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿಬಿಟ್ಟ. ಅಂದಿನಿಂದ ಸಾವಯವ ಸಬ್ಸಿಡಿಯ ಹಟ. ಹಣಕ್ಕಿಂತ ಅವರಿಗೆ ಬೇಕಾದದ್ದು ಅದರೊಂದಿಗೆ ಬರುವ ಸರ್ಟಿಫಿಕೇಟು. ಅರ್ಜಿ ತುಂಬಿದ್ದು ನಾನು. ಅದರಲ್ಲೊಂದು ನಿಯಮವಿತ್ತು: ತಪಾಸಣೆಗೆ ಬಂದವರು ಅರ್ಜಿದಾರರ ಕಡೆಯಿಂದ ಒಂದು ಲೋಟ ಕಾಫಿಯನ್ನೂ ತೆಗೆದುಕೊಳ್ಳುವಂತಿಲ್ಲ.

ಮೊದಲು ಬಂದವರು ಪ್ರಾಮಾಣಿಕರು. ತೋಟದಲ್ಲೇ ಎಲೆ ಹಾಸಿ ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಆತಿಥ್ಯ ಪಡೆದಿರುವುದರಿಂದ ವರದಿ ಕೊಡಲಾರೆ ಎಂದು ಬರೆದುಕೊಟ್ಟು ಹೋದರು. ಎರಡನೆಯವರು ಉಪವಾಸ ಎಂದರು. ಮಾವನಿಗೆ ಉಪವಾಸದ ತಿಂಡಿ ಗೊತ್ತಿಲ್ಲವೇ? ಮೊಸರವಲಕ್ಕಿ ಬಂತು! ಮೂರನೆಯವರು ಏನೂ ಮುಟ್ಟದೆ ಜೀಪು ಹತ್ತಿದರು. ಗೆದ್ದೆವು ಎಂದುಕೊಂಡೆ. ಅರ್ಧ ದಾರಿಯಲ್ಲಿ ಅವರಿಗೆ ಸೀಟಿನ ಕೆಳಗೆ ಬಿಸಿ ಬಿಸಿ ಪಾರ್ಸೆಲ್ ಸಿಕ್ಕಿತಂತೆ.

ರಿಹರ್ಸಲಿನ ಮರುದಿನ ಬೆಳಿಗ್ಗೆ ತಾಂಬರಂಗೆ ಹೋಗುವ ಎಲೆಕ್ಟ್ರಿಕ್ ಟ್ರೈನಿನಲ್ಲಿ ಮಾವ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಡಿಲಲ್ಲಿದ್ದ ಟಿಫನ್ ಕ್ಯಾರಿಯರನ್ನು ಯಾರೋ ಪ್ರಯಾಣಿಕರು ಜೋಪಾನವಾಗಿ ತಂದುಕೊಟ್ಟರು.

ಕಾಗದಪತ್ರದಲ್ಲಿ ಜಮೀನೂ ಅರ್ಜಿಯೂ ಅತ್ತೆಯ ಹೆಸರಿನಲ್ಲಿದ್ದುದರಿಂದ ಕೆಲಸ ನಿಲ್ಲಲಿಲ್ಲ. ತಿಂಗಳ ನಂತರ ನಾಲ್ಕನೆಯ ಇನ್‌ಸ್ಪೆಕ್ಟರ್ ಬಂದರು, ಚಿಕ್ಕ ವಯಸ್ಸಿನ ಹೆಂಗಸು. ಬುತ್ತಿ, ನೀರಿನ ಬಾಟಲಿ ಎರಡನ್ನೂ ತಾವೇ ತಂದಿದ್ದರು. ಈ ತೋಟದವರು ಊಟ ಹಾಕದೆ ಬಿಡುವುದಿಲ್ಲ, ಹುಷಾರು ಎಂದು ಆಫೀಸಿನಲ್ಲಿ ಹೇಳಿ ಕಳಿಸಿದ್ದರಂತೆ. ಬೆಳಗಿನಿಂದ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ ಎಂದು ನಕ್ಕರು. ಅತ್ತೆ ತಲೆಯಾಡಿಸಿದರು. ನಾನು ಫೈಲು ಹಿಡಿದು ನಿಂತಿದ್ದೆ. ಅವರು ಮಣ್ಣು ತೆಗೆದುಕೊಂಡರು, ಗಿಡ ನೋಡಿದರು, ಸಹಿ ಹಾಕಿದರು. ಮಾವನಿಗೆ ಏಳು ರಿಹರ್ಸಲಿನಲ್ಲೂ ಬಾರದ್ದು ನಮಗೆ ಒಂದೇ ಸಲಕ್ಕೆ ಬಂದಿತ್ತು.

ಸಬ್ಸಿಡಿ ಮಂಜೂರಾಗಿದೆ. ಸರ್ಟಿಫಿಕೇಟು ಹೋಟೆಲಿನ ಗೋಡೆಯ ಮೇಲಿದೆ. ಆ ದಿನ ಆಕೆಯನ್ನು ಊಟ ಆಯಿತೇ ಎಂದು ಯಾರೂ ಕೇಳಲಿಲ್ಲ.