ಮಗು ಕದ್ದ ಡಾಕ್ಟರು

“ಮಕ್ಕಳ ಕಳ್ಳನಿಗೆ ನನ್ನ ಹಂಚಿನ ರೊಟ್ಟಿ ಇಲ್ಲ,” ಎಂದಳು ರೊಟ್ಟಿ ಮಾರುವ ದೋನ್ಯಾ ಕೇತಾ. ಹೇಳಿದ್ದು ಫೆರ್ಮಿನ್‌ಗೆ, ಕೇಳಿಸಿದ್ದು ಇಡೀ ಸಾಲಿಗೆ. ಅವಳ ಕೈಯ ಸಟ್ಟುಗ ಅವನ ಮೂಗಿನ ನೇರಕ್ಕೆ ನಿಂತಿತ್ತು.

ಅಂದು ಕಾಂದೆಲಾರಿಯಾ ಹಬ್ಬ. ಬಾಲಯೇಸುವಿನ ಗೊಂಬೆಗೆ ಹೊಸ ಬಟ್ಟೆ ತೊಡಿಸಿ, ಇಗರ್ಜಿಗೆ ಒಯ್ದು ಪಾದ್ರಿಯ ಕೈಯಿಂದ ತೀರ್ಥ ಹಾಕಿಸಿ, ಮಧ್ಯಾಹ್ನ ಎಲೆಯಲ್ಲಿ ಬೆಂದ ತಮಾಲೆ ಎಂಬ ಜೋಳದ ಕಡುಬು ತಿನ್ನುವ ದಿನ. ರೊಟ್ಟಿಗೆ ನಿಂತ ಹೆಂಗಸರೆಲ್ಲರ ಕಂಕುಳಲ್ಲೂ ಒಂದೊಂದು ಗೊಂಬೆ. ಫೆರ್ಮಿನ್‌ನನ್ನು ಕಂಡದ್ದೇ ತಡ, ಹದ್ದು ಕಂಡ ಕೋಳಿಗಳ ಹಾಗೆ ಎಲ್ಲರೂ ತಂತಮ್ಮ ಕೂಸನ್ನು ಶಾಲಿನೊಳಗೆ ಸೆಳೆದುಕೊಂಡರು.

ಫೆರ್ಮಿನ್ ಈ ಜನ್ಮದಲ್ಲಿ ಕದ್ದದ್ದೆಂದರೆ ಪಕ್ಕದ ಹಿತ್ತಲಿನ ನಿಂಬೆಹಣ್ಣು, ಅದೂ ಹುಳಿ. ಮದುವೆಮನೆಗಳಿಗೆ ಕುರ್ಚಿ ಹೊತ್ತು ಹಾಕುವುದು ಅವನ ಕಸುಬು. ಅಂಥವನನ್ನು ಟೀವಿಯವರು ಹಿಡಿದು, ಬಿಳಿ ಕೋಟು ಹಾಕಿಸಿ, ಧಾರಾವಾಹಿಯೊಂದರಲ್ಲಿ ಡಾಕ್ಟರ್ ಓಲ್ಮೆದೋ ಮಾಡಿಬಿಟ್ಟಿದ್ದರು. ಆ ಡಾಕ್ಟರು ಬಡ ತಾಯಿಯ ಕೂಸನ್ನು ಕದ್ದು ಶ್ರೀಮಂತರ ತೊಟ್ಟಿಲಿಗೆ ಹಾಕುತ್ತಾನೆ. ಅಂದಿನಿಂದ ಅವನಿದ್ದ ಪಿರೂಲ್ ಗುಡ್ಡದಲ್ಲಿ ಫೆರ್ಮಿನ್ ಎಂಬ ಹೆಸರೇ ಅಳಿಸಿಹೋಯಿತು. ಬಸ್ಸಿನಲ್ಲಿ ಅವನಿಗೆ ಉಗಿದವರೇ ಮರುಗಳಿಗೆ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೋಳಿ ಅಂಗಡಿಯವನು ರಿಬ್ಬನ್ ಕತ್ತರಿಸಲು ಅವನನ್ನೇ ಕರೆದ. ಕತ್ತರಿಸಿದ ಮೇಲೆ ಕೋಳಿ ಮಾತ್ರ ಕೊಡಲಿಲ್ಲ.

ಇದೆಲ್ಲವನ್ನೂ ಅವನು ನುಂಗಿಕೊಂಡಿದ್ದ. ನುಂಗಲಾರದ್ದು ಒಂದೇ, ನೀರು ಇಲ್ಲದ್ದು. ಗುಡ್ಡದ ನಲ್ಲಿಗಳು ಒಣಗಿ ವಾರಗಳೇ ಆಗಿದ್ದವು. ಟ್ಯಾಂಕರು ಕೆಳಗಿನ ದೊಡ್ಡ ಮನೆಗಳವರೆಗೆ ಬಂದು ಅಲ್ಲಿಂದಲೇ ತಿರುಗಿಹೋಗುತ್ತಿತ್ತು. ಅವನ ತಾಯಿ ಅಂಪಾರೊ ಊರವರ ಬಟ್ಟೆ ಒಗೆದು ಮಗನನ್ನು ಸಾಕಿದವಳು. ಈಗ ಆ ಬಟ್ಟೆಗಳು ಮನೆಯೊಳಗೆ ಗುಡ್ಡೆಬಿದ್ದು ನಾರುತ್ತಿದ್ದವು. ಕೊಟ್ಟವರು ಒಬ್ಬೊಬ್ಬರಾಗಿ ವಾಪಸು ಕೇಳತೊಡಗಿದ್ದರು.

ಸಾಲಿನ ಹಿಂದಿನಿಂದ ವೆಲ್ಡಿಂಗ್ ಚೆಮಾ ಬಾಯಿ ಹಾಕಿದ. “ನಿನ್ ಮೋರೆ ಟೀವೀಲಿ ದಿನಾ ಬರುತ್ತೆ, ನಮ್ ನಲ್ಲೀಲಿ ನೀರು ಬರಲ್ಲ. ಆ ಮೋರೇನ ನೀರಿನ ಆಫೀಸಿಗಾದ್ರೂ ತಗೊಂಡು ಹೋಗೋ. ಒಂದಿನ ಉಪಯೋಗಕ್ಕೆ ಬರ್ಲಿ.”

ಹೆಂಗಸರು ದಿನವೂ ಖಾಲಿ ಬಕೆಟ್ಟು ಹಿಡಿದು ಆ ಆಫೀಸಿಗೆ ಹೋಗಿಬರುತ್ತಿದ್ದರು. ಗೇಟಿನ ಕಾವಲುಗಾರ ಅವರನ್ನು ಒಳಗೆ ಬಿಟ್ಟಿದ್ದೇ ಇಲ್ಲ. ನಿಜ ಹೇಳುವ ನೂರು ಬಾಯಿಗೆ ತೆರೆಯದ ಗೇಟು ಸುಳ್ಳು ಡಾಕ್ಟರಿಗೆ ತೆರೆಯುತ್ತದೆಂದು ಎಲ್ಲರೂ ನಂಬಿದರು. ಯಾರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ.

ಅಷ್ಟರಲ್ಲಿ ಅಂಪಾರೊ ಗೂರಲು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದಳು. ಮಗನಿಗೆ ಆದ ಅವಮಾನ ಅವಳ ಕಿವಿಗೆ ಬಿದ್ದಿತ್ತು.

“ಕೇತಾ, ಇವನ ಹೊಕ್ಕುಳಬಳ್ಳಿ ಕತ್ತರಿಸ್ದೋಳು ನೀನೇ. ಇವನ ಬಾಯಿಗೆ ಮೊದಲ ರೊಟ್ಟಿ ತುಂಡು ಇಟ್ಟೋಳೂ ನೀನೇ. ಡಾಕ್ಟರಂತೆ ಡಾಕ್ಟರು. ಇವನ ಹೆಸರೇನು ಅಂತ ಒಂದ್ಸಲ ಹೇಳೇ.”

ಕೇತಾಳ ಸಟ್ಟುಗ ಮೆಲ್ಲಗೆ ಕೆಳಗಿಳಿಯಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು, ಅವಳು ತಿರುವಲಿಲ್ಲ.

“ಫೆರ್ಮಿನ್,” ಎಂದಳು. ಆಮೇಲೆ ತನ್ನ ಗೊಂಬೆಯ ತಲೆ ಮುಟ್ಟಿ ಆಣೆ ಇಟ್ಟಳು. “ಈ ಕೂಸಿನಾಣೆ, ಇವತ್ತಿಂದ ಈ ಬೀದೀಲಿ ಆ ಡಾಕ್ಟರು ಇಲ್ಲ. ಯಾರಾದ್ರೂ ಓಲ್ಮೆದೋ ಅಂದ್ರೆ ಅವರ ನಾಲಿಗೇನ ಇದೇ ಹಂಚಿನ ಮೇಲೆ ಸುಡ್ತೀನಿ. ಎಲ್ರಿಗೂ ಕೇಳಿಸ್ತಾ?”

ಎಲ್ಲರಿಗೂ ಕೇಳಿಸಿತು. ಫೆರ್ಮಿನ್‌ನ ಕಣ್ಣು ತುಂಬಿತು. ಇಂಥ ಜನಕ್ಕಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದುಕೊಂಡು ನೀರಿನ ಆಫೀಸಿನ ಕಡೆಗೆ ಬಸ್ಸು ಹತ್ತಿದ.

ಚೆಮಾ ಹೇಳಿದ್ದು ಸುಳ್ಳಾಗಲಿಲ್ಲ. ಗೇಟಿನ ಕಾವಲುಗಾರ ಮೊದಲು ಟೋಪಿ ತೆಗೆದ, ಆಮೇಲೆ ಮಗು ಎಲ್ಲಿ ಎಂದು ಗದರಿದ, ಕೊನೆಗೆ ಒಳಗೆ ಬಿಟ್ಟ. ಇಂಜಿನಿಯರ್ ರೆಬೆಕಾ ಮೇಡಂ ಅವನನ್ನು ಕಂಡೊಡನೆ ಮೇಜಿನ ಮೇಲಿದ್ದ ಗೊಂಬೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬಾಲಯೇಸುವಿಗೆ ಡಾಕ್ಟರ ವೇಷ ಹಾಕುವ ರೂಢಿ ಆ ಊರಿನಲ್ಲಿದೆ. ಅವಳ ಗೊಂಬೆಗೂ ಬಿಳಿ ಕೋಟು, ಕೊರಳಲ್ಲಿ ಪುಟ್ಟ ಸ್ಟೆತಾಸ್ಕೋಪು. ಹಾಗೆ ಆ ಕೋಣೆಯಲ್ಲಿ ಇಬ್ಬರು ಡಾಕ್ಟರು ಸೇರಿದರು, ಒಬ್ಬರಿಗೂ ನಾಡಿ ಹಿಡಿಯಲು ಬರುತ್ತಿರಲಿಲ್ಲ.

ಫೆರ್ಮಿನ್ ನೀರಿನ ಮಾತೆತ್ತಿದ. ಬಟ್ಟೆಯ ಗುಡ್ಡೆ, ಬತ್ತಿದ ನಲ್ಲಿ, ಬೇಯದ ತಮಾಲೆ, ಎಲ್ಲ ಹೇಳಿದ. ಮೇಡಂ ಕೇಳಿಸಿಕೊಳ್ಳಲಿಲ್ಲ. ಅವಳು ನೋಡುತ್ತಿದ್ದುದು ಅವನ ಮೋರೆಯನ್ನೇ.

“ನಮ್ಮಮ್ಮ ಹಾಸಿಗೆ ಹಿಡಿದಿದಾಳೆ ಡಾಕ್ಟ್ರೇ,” ಎಂದಳು ಕೊನೆಗೆ. ದನಿ ಇದ್ದಕ್ಕಿದ್ದಂತೆ ಸಣ್ಣದಾಗಿತ್ತು. “ಆ ಮಗು ತಾಯಿ ಕೈಗೆ ಸೇರೋದನ್ನ ನೋಡ್ದೆ ಕಣ್ಣು ಮುಚ್ಚಲ್ಲ ಅಂತಾಳೆ. ಕತೆ ಮುಗಿಯೋ ತನಕ ಇರ್ತಾಳೋ ಇಲ್ವೋ. ನೀವೇ ಕೊಟ್ಬಿಡಿ.”

ಅವಳು ವಿಡಿಯೋ ತೆಗೆಯಲು ಫೋನು ಹಿಡಿದಳು. ಆಫೀಸಿನವರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಫೆರ್ಮಿನ್ ಗೊಂಬೆಯನ್ನು ಎತ್ತಿಕೊಂಡ. ಟೀವಿಯವರು ಅವನಿಂದ ಒಂದು ಹನಿ ಕಣ್ಣೀರು ತೆಗೆಸಲು ಈರುಳ್ಳಿ ಕತ್ತರಿಸಿದ್ದರು. ಇಲ್ಲಿ ಅದು ಬೇಕಾಗಲಿಲ್ಲ. ನಾರುವ ಬಟ್ಟೆಯ ನಡುವೆ ಕೈಕಟ್ಟಿ ಕೂತ ತಾಯಿ ನೆನಪಾದಳು, ಸಾಕಾಯಿತು. ಮೊಣಕಾಲೂರಿದ.

“ತಗೋ ತಾಯೀ, ನಿನ್ನ ಮಗು. ತಪ್ಪಾಯ್ತು.”

ವಿಡಿಯೋ ಮೇಡಂನ ಮನೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಫೋನು ಕೂಗಿತು. ಆ ಕಡೆಯ ಮುದುಕಿ ಅಳುತ್ತ, ನಗುತ್ತ, ಡಾಕ್ಟರ್ ಓಲ್ಮೆದೋನ ವಂಶವನ್ನೆಲ್ಲ ಬಾಯ್ತುಂಬ ಬೈದು, ತಿನ್ನಲು ಏನಾದರೂ ಕೊಡಿ ಎಂದಳಂತೆ. ಎಷ್ಟೋ ದಿನದ ಮೇಲೆ ಅವಳು ಊಟ ಕೇಳಿದ್ದು ಅದೇ ಮೊದಲು. ಮೇಡಂ ಮುಖ ಒರೆಸಿಕೊಂಡಳು. ಈ ಮೋರೆಯಿಂದ ಇಷ್ಟಾದರೂ ಆಯಿತಲ್ಲ ಎಂದು ಫೆರ್ಮಿನ್‌ಗೆ ಮೊದಲ ಸಲ ಅನ್ನಿಸಿತು.

ಮೇಡಂ ಆಗಿಂದಾಗಲೇ ಟ್ಯಾಂಕರಿನ ಚಾಲಕನನ್ನು ಕರೆದಳು. “ಪಿರೂಲ್ ಗುಡ್ಡಕ್ಕೆ ಹತ್ತಿಸು. ಡಾಕ್ಟರ್ ಓಲ್ಮೆದೋ ಇದಾರಲ್ಲ, ಅವರ ಬೀದಿ. ಯಾರನ್ ಕೇಳಿದ್ರೂ ಹೇಳ್ತಾರೆ.”

ನನ್ನ ಹೆಸರು ಫೆರ್ಮಿನ್ ಎನ್ನಲು ಅವನು ಬಾಯಿ ತೆರೆದ. ಆಮೇಲೆ, ಹೆಸರಲ್ಲೇನಿದೆ, ಗುಡ್ಡದಲ್ಲಿ ಓಲ್ಮೆದೋ ಎಂದರೆ ನಾಯಿಯೂ ನಮ್ಮ ಮನೆ ತೋರಿಸುತ್ತದೆ ಎಂದುಕೊಂಡು ಬಾಯಿ ಮುಚ್ಚಿದ. ಟ್ಯಾಂಕರಿನಲ್ಲೇ ಹೋಗಬೇಕೆಂದಿದ್ದವನನ್ನು ಆಫೀಸಿನವರು ಬಿಡಲಿಲ್ಲ. ಪ್ರತಿಯೊಬ್ಬರೂ ಅವನ ಪಕ್ಕ ನಿಂತು, ಅವನ ಕಿವಿ ಹಿಂಡುತ್ತ ಫೋಟೋ ತೆಗೆಸಿಕೊಂಡರು. ಕೆಂಪಾದ ಕಿವಿ ಹೊತ್ತು ಅವನು ಗುಡ್ಡದ ಬಸ್ಸು ಹತ್ತುವಷ್ಟರಲ್ಲಿ ಇಗರ್ಜಿಯ ಮಧ್ಯಾಹ್ನದ ಗಂಟೆ ಬಾರಿಸಿ ಮುಗಿದಿತ್ತು.

ಬೀದಿಯಲ್ಲಿ ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಬಗ್ಗಿ ನೋಡಿದ. ಒಂದರಲ್ಲೂ ಹನಿ ಇರಲಿಲ್ಲ. ತಮಾಲೆಯ ಹಂಡೆ ಒಣಗಿಕೊಂಡೇ ಬಾಯಿ ತೆರೆದಿತ್ತು. ಆದರೆ ಕೇತಾಳ ಮುಖದಲ್ಲಿ ಮಾತ್ರ ಯುದ್ಧ ಗೆದ್ದ ಕಳೆ.

“ಬಾ ಮಗಾ ಫೆರ್ಮಿನ್. ನಿನ್ ಮರ್ಯಾದೆ ಉಳಿಸಿದೀವಿ. ಯಾವನೋ ಲಾರಿಯೋನು, ಲಾರೀನ ಕೆಳಗಿನ ತಿರುವಲ್ಲೇ ನಿಲ್ಸಿ ನಡ್ಕೊಂಡು ಬಂದಿದ್ದ, ಡಾಕ್ಟರ್ ಓಲ್ಮೆದೋ ಮನೆ ಎಲ್ಲಿ ಅಂತ. ಇಡೀ ಬೀದಿ ಒಂದೇ ಬಾಯಲ್ಲಿ ಹೇಳ್ತು, ಇಲ್ಲಿ ಯಾವ ಡಾಕ್ಟರೂ ಇಲ್ಲ ಅಂತ. ಇದಾರೆ, ಮೇಡಂ ಹೇಳಿದಾರೆ ಅಂತ ವಾದ ಬೇರೆ ಮಾಡ್ದ. ಸಟ್ಟುಗ ತೋರಿಸ್ದೆ.”

“ಎಲ್ಲಿಗ್ ಹೋದ ಅವನು?” ಎಂದ ಫೆರ್ಮಿನ್.

“ಪಾಪ, ಬರಿಗೈಲಿ ಕಳಿಸ್ಬಾರ್ದಲ್ಲ,” ಎಂದ ಚೆಮಾ. “ಕೆಳಗೆ ಈಜುಕೊಳದ ಮನೇಲಿ ಹಲ್ಲಿನ ಡಾಕ್ಟರು ಒಬ್ರು ಇದಾರೆ, ಅಲ್ಲಿ ಕೇಳು ಅಂದೆ. ಹೋದ.”

ಕೆಳಗಿನಿಂದ ದಪ್ಪ ಪೈಪಿನ ನೀರು ತೊಟ್ಟಿಗೆ ಬೀಳುವ ಸದ್ದು ಗಾಳಿಯಲ್ಲಿ ತೇಲಿಬಂತು. ಕೇತಾ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಅಷ್ಟು ಜನರ ಎದುರಿಗೇ ಅವನ ಕೈಗಿಟ್ಟಳು.

“ಯಾಕೋ, ಮುಖ ಹಿಂಗಾಯ್ತು? ಆ ಲಾರಿಯೋನು ನಿಂಗೆ ಗೊತ್ತಿರೋನಾ?”

ಫೆರ್ಮಿನ್ ರೊಟ್ಟಿಯ ಗಂಟನ್ನು ತಾಯಿಯ ಕೈಗೆ ಕೊಟ್ಟ. ಅವಳ ಎರಡೂ ಬಕೆಟ್ಟು ಎತ್ತಿಕೊಂಡ. ಸದ್ದು ಬಂದ ಕಡೆಗೆ ಇಳಿಜಾರಿನಲ್ಲಿ ನಡೆದುಹೋದ.