ಅಪ್ಪನ ಹೆಸರಿಗೊಂದು ಪಾರ್ಸೆಲ್

ಪದ್ಮಲತಾ: ವಾಪಸ್ ಕಳಿಸಿ ಅಂದ್ರೆ ಕಳಿಸಿ. ತೀರಿಹೋದೋರ ಹೆಸರಿಗೆ ಬಂದಿದ್ದನ್ನ ಯಾರಾದ್ರೂ ಇಟ್ಕೊಳ್ತಾರಾ?

ಪುಷ್ಪರಾಜ್: ಈ ಅಂಗಡೀನೂ ತೀರಿಹೋದೋರ ಹೆಸರಲ್ಲೇ ಇದೆ. ಇದನ್ನೂ ವಾಪಸ್ ಕಳಿಸ್ಲಾ?

ಯೋಗರಾಜ್: ಅಣ್ಣ, ನಂಗಿನ್ನೂ ಇಕ್ಕೇರಿ ಕಡೆ ಹೋಗೋದಿದೆ. ನೇಮಿಚಂದ್ರ ಅವ್ರನ್ನ ಒಂದ್ಸಲ ಕರೀರಿ, ಕೊಟ್ಟು ಹೊರಡ್ತೀನಿ.

ಸಾಗರದ ಪೇಟೆಯಲ್ಲಿ 'ನೇಮಿಚಂದ್ರ ಪಾತ್ರೆ ಭಂಡಾರ'ದ ಬಾಗಿಲು ಆಗಷ್ಟೇ ತೆರೆದಿತ್ತು. ಕೊರಿಯರಿನ ಯೋಗರಾಜ್ ಈ ಕಡೆಗೆ ಹೊಸಬ, ಹೆಲ್ಮೆಟ್ಟಿನೊಳಗೆ ಗಂಡ ಹೆಂಡತಿಯ ಮಾತೂ ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ಅಂಗೈಯಗಲದ ಡಬ್ಬಿಯೊಂದನ್ನು ಗಲ್ಲಾದ ಮೇಲಿಟ್ಟುಕೊಂಡು, ಅದರ ಮೇಲೆ ಕೈಯನ್ನೂ ಇಟ್ಟುಕೊಂಡು ನಿಂತಿದ್ದ. ಪುಷ್ಪರಾಜ್ ಗೋಡೆಯತ್ತ ಬೆರಳು ತೋರಿಸಿದ. ಅಲ್ಲಿ ಗಂಧದ ಹಾರದೊಳಗಿಂದ ಅಪ್ಪ ನೇಮಿಚಂದ್ರ ಎಂದಿನಂತೆ ಗಂಭೀರವಾಗಿ ಗಿರಾಕಿಗಳನ್ನು ನೋಡುತ್ತಿದ್ದರು. ಯೋಗರಾಜ್ ಹೆಲ್ಮೆಟ್ ತೆಗೆದು, ಭಕ್ತಿಯಿಂದ ಕೈಮುಗಿದು, ಮತ್ತೆ ಹೆಲ್ಮೆಟ್ ಹಾಕಿಕೊಂಡ.

ಯೋಗರಾಜ್: ಹಂಗಾದ್ರೆ ಇವ್ರ ಫೋನ್ ಎಲ್ಲಿದೆ?

ಪುಷ್ಪರಾಜ್: ಫೋನ್ ಯಾಕೆ?

ಯೋಗರಾಜ್: ಇವ್ರ ನಂಬರಿಗೆ ಓಟಿಪಿ ಹೋಗಿದೆ. ಅದನ್ನ ಇವ್ರೇ ಹೇಳ್ಬೇಕು.

ಪುಷ್ಪರಾಜ್ ಫೋಟೋವನ್ನೂ ಯೋಗರಾಜನನ್ನೂ ಒಂದೊಂದು ಸಲ ನೋಡಿದ. ಅಪ್ಪ ತೀರಿಕೊಂಡು ವರ್ಷ ದಾಟಿತ್ತು. ಅವರ ಫೋನು ಬೀರುವಿನಲ್ಲಿತ್ತು, ಅದರೊಳಗಿನ ಸಿಮ್ಮಿಗೆ ಮಾತ್ರ ಯಾರೂ ಕರೆನ್ಸಿ ಹಾಕಿಸಿರಲಿಲ್ಲ. ಆ ಮಾತು ಬಂದದ್ದೇ ತಡ, ಗಂಡ ಹೆಂಡತಿ ಪಾರ್ಸೆಲ್ಲನ್ನು ಬಿಟ್ಟು ಸಿಮ್ಮಿನ ಮೇಲೆ ಬಿದ್ದರು. ಹಾಕಿಸಿ ಅಂತ ನಾನು ಬಡಕೊಂಡೆ ಎಂದು ಪದ್ಮಲತಾ, ಎತ್ತುವವರೇ ಇಲ್ಲದ ಫೋನಿಗೆ ಕರೆನ್ಸಿ ಯಾಕೆ ಅಂದವಳೂ ನೀನೇ ಎಂದು ಪುಷ್ಪರಾಜ್. ಯೋಗರಾಜ್ ಕಾದು ಸುಸ್ತಾಗಿ, ಆ ನಂಬರಿಗೆ ಒಂದು ಸಲ ಮಾಡಿ ನೋಡಿ ಅಂದ.

ಪುಷ್ಪರಾಜನ ಫೋನಿನಲ್ಲಿ ಆ ನಂಬರು ಈಗಲೂ 'ಅಪ್ಪ' ಎಂದೇ ಇತ್ತು. ಅಳಿಸಲು ಮನಸ್ಸು ಬಂದಿರಲಿಲ್ಲ, ಒತ್ತಲು ಧೈರ್ಯವೂ ಬಂದಿರಲಿಲ್ಲ. ಈಗ ಒತ್ತಿದ. ರಿಂಗ್ ಆಯಿತು. ಪದ್ಮಲತಾ ಒಂದು ಹೆಜ್ಜೆ ಹಿಂದೆ ಸರಿದು ಹಿತ್ತಾಳೆ ಕೊಳಗವೊಂದನ್ನು ಹಿಡಿದುಕೊಂಡಳು. ಆ ಕಡೆಯಿಂದ ಬಂದ ಹೆಂಗಸಿನ ದನಿಗೆ ಸ್ಪೀಕರೇ ಬೇಕಿರಲಿಲ್ಲ. ಆ ಕೊಳಗವೂ ಸಣ್ಣಗೆ ಗುಂಯ್ ಅಂದಿತು.

ಹೂವಮ್ಮ: ಹಲೋ! ಯಾರು?

ಪುಷ್ಪರಾಜ್: ನೀವ್ಯಾರು?

ಹೂವಮ್ಮ: ಫೋನ್ ಮಾಡಿದ್ದು ನೀನು, ನಾನ್ಯಾಕೆ ಹೇಳ್ಬೇಕು?

ಆದರೂ ಹೇಳಿದಳು. ತಾನು ಕಾರ್ಗಲ್ಲಿನ ಹೂವಮ್ಮ, ಮಳೆಗಾಲಕ್ಕೆ ಮುಂಚೆ ಸೊಸೆ ಈ ಹೊಸ ಸಿಮ್ಮು ತಂದುಕೊಟ್ಟಳು, ಈ ನಂಬರಿಗೆ ಫೋನ್ ಮಾಡುವವರಿಗೆಲ್ಲ ಕಿವಿ ಮಂದ ಅಂತ ಗೊತ್ತಾದ ಮೇಲೆ ಜೋರಾಗಿ ಮಾತಾಡುವುದೇ ರೂಢಿಯಾಗಿದೆ. ಕರೆನ್ಸಿಯಿಲ್ಲದೆ ನಿಂತುಹೋದ ಅಪ್ಪನ ನಂಬರನ್ನು ಕಂಪನಿಯವರು ಇವಳಿಗೆ ಕೊಟ್ಟಿದ್ದಾರೆಂದು ಪುಷ್ಪರಾಜನಿಗೆ ಹೊಳೆಯಿತು. ತನ್ನ ಕಿವಿ ನೆಟ್ಟಗಿದೆ ಎಂದು ಹೇಳಿ ವಿಷಯಕ್ಕೆ ಬಂದ.

ಪುಷ್ಪರಾಜ್: ಈಗ ನಿಮಗೊಂದು ಮೆಸೇಜ್ ಬಂದಿರ್ಬೇಕು. ಅದರಲ್ಲಿರೋ ನಂಬರ್ ಹೇಳಿ ಅಮ್ಮ.

ಹೂವಮ್ಮ: ಹೇಳಲ್ಲ. ಯಾರಿಗೂ ಹೇಳ್ಬೇಡಿ ಅಂತ ಆ ಮೆಸೇಜಿನಲ್ಲೇ ಬರ್ದಿದ್ದಾರೆ.

ಪುಷ್ಪರಾಜ್: ಅದು ಬೇರೆಯವರಿಗೆ. ನಾನು ಮಗ.

ಹೂವಮ್ಮ: ಯಾರ ಮಗ?

ಪುಷ್ಪರಾಜ್: ನೇಮಿಚಂದ್ರರ ಮಗ. ಪಾರ್ಸೆಲ್ ಅವ್ರ ಹೆಸರಿಗೆ ಬಂದಿದೆ.

ಹೂವಮ್ಮ: ಓ, ನೇಮಿಚಂದ್ರ. ಹಂಗಾದ್ರೆ ಹೇಳು, ನಿಮ್ಮಪ್ಪ ಸಂತೆ ದಿನ ಬಸ್ ಸ್ಟ್ಯಾಂಡ್ ಹಿಂದೆ ನಿಂತ್ಕೊಂಡು ಏನು ತಿಂತಿದ್ರು?

ಪುಷ್ಪರಾಜ್ ಬೆಚ್ಚಿದ. ಮುಖ ತಿಳಿಯದ ಹೆಂಗಸು ಅಪ್ಪನ ಹೆಸರನ್ನು ಪಕ್ಕದ ಮನೆಯವರ ಹೆಸರು ಹೇಳಿದಂತೆ ಹೇಳುತ್ತಿದ್ದಳು. ಪದ್ಮಲತಾ ಹುಬ್ಬೇರಿಸಿದಳು. ಮಾವನಿಗೆ ಕಾರ್ಗಲ್ಲಿನಲ್ಲಿ ಯಾರ ಪರಿಚಯ ಇತ್ತು ಎಂದು ಅವಳು ಪಿಸುಗುಟ್ಟಿದರೆ, ಅಪ್ಪ ಅಲ್ಲಿನ ಆಣೆಕಟ್ಟು ನೋಡಲೂ ಆ ಕಡೆ ಹೋದವರಲ್ಲ ಎಂದು ಇವನೂ ಪಿಸುಗುಟ್ಟಿದ. ಆಮೇಲೆ ಎದೆಯುಬ್ಬಿಸಿ ಫೋನಿಗೆ ಉತ್ತರ ಕೊಟ್ಟ.

ಪುಷ್ಪರಾಜ್: ನಮ್ಮಪ್ಪ ಹೊರಗೆ ಏನೂ ತಿಂತಿರ್ಲಿಲ್ಲ. ನಾವು ಜೈನರು. ಅವ್ರು ಕತ್ತಲಾದ ಮೇಲೆ ಊಟ ಮುಟ್ಟಿದವರಲ್ಲ, ಹುಟ್ಟಿದಾಗಿನಿಂದ ಈರುಳ್ಳಿ ಮುಟ್ಟಿದವರಲ್ಲ.

ಹೂವಮ್ಮ: ಹಂಗಾದ್ರೆ ನೀನು ಅವ್ರ ಮಗ ಅಲ್ಲ. ಫೋನ್ ಇಡು.

ಪದ್ಮಲತಾ: ಈರುಳ್ಳಿ ಬಜ್ಜಿ.

ಪುಷ್ಪರಾಜ್ ಹೆಂಡತಿಯ ಕಡೆ ತಿರುಗಿದ. ಯೋಗರಾಜನೂ ತಿರುಗಿದ.

ಪುಷ್ಪರಾಜ್: ಏನಂದೆ?

ಪದ್ಮಲತಾ: ಮಾವನ ಅಂಗಿ ಒಗೀತಿದ್ದವಳು ನಾನು. ಸಂತೆ ದಿನದ ಅಂಗಿ ಜೇಬಲ್ಲಿ ಪ್ರತೀ ಸಲ ಈರುಳ್ಳಿ ವಾಸನೆ ಹೊಡೆಯೋ ಎಣ್ಣೆ ಕಾಗದ. ನೀವು ಅಪ್ಪ ಅಪ್ಪ ಅಂತ ಕುಣೀತೀರಿ, ಇಷ್ಟೂ ಗೊತ್ತಿಲ್ಲ.

ಪುಷ್ಪರಾಜ್: ನಾನು ಕಾಲೇಜಲ್ಲಿ ಈರುಳ್ಳಿ ದೋಸೆ ತಿಂದೆ ಅಂತ ಒಂದು ವಾರ ಮಾತು ಬಿಟ್ಟಿದ್ರಲ್ಲೇ ಅವ್ರು.

ಹೂವಮ್ಮ: ಹೆಂಡ್ತಿ ಕೈಗೆ ಫೋನ್ ಕೊಡು. ಅವಳು ಸರಿ ಇದ್ದಾಳೆ.

ಹೂವಮ್ಮ ಓಟಿಪಿಯನ್ನು ಪದ್ಮಲತಾಳಿಗೆ, ಪದ್ಮಲತಾಳಿಗೆ ಮಾತ್ರ, ಎಂದು ಷರತ್ತು ಹಾಕಿ ಹೇಳಿದಳು. ಅವಳ ದನಿಗೆ ಅದು ಎದುರಿನ ಬಟ್ಟೆ ಅಂಗಡಿಗೂ ಕೇಳಿಸಿತು. ಯೋಗರಾಜ್ ಅದನ್ನು ತನ್ನ ಫೋನಿನಲ್ಲಿ ಒತ್ತಿಕೊಂಡು, ಗೋಡೆಯ ಫೋಟೋಕ್ಕೆ ಇನ್ನೊಮ್ಮೆ ಕೈಮುಗಿದು ಬೈಕ್ ಹತ್ತಿದ. ಈ ಸಲ ಅವನ ಮುಖದಲ್ಲಿ ಭಕ್ತಿಗಿಂತ ಸಲಿಗೆಯೇ ಹೆಚ್ಚಿತ್ತು.

ಫೋನನ್ನು ಇಡಬೇಡಿ, ಒಳಗೆ ಏನಿದೆ ಅಂತ ನನಗೂ ಹೇಳಿ ಎಂದು ಹೂವಮ್ಮ ಹಟ ಹಿಡಿದಳು. ಪುಷ್ಪರಾಜ್ ಡಬ್ಬಿ ಬಿಚ್ಚಿದ. ಒಳಗೆ ಹತ್ತಿಯ ಹಾಸಿನ ಮೇಲೆ ಹುಣಸೆ ಬೀಜದಷ್ಟು ಸಣ್ಣ ಕಿವಿ ಮೆಷಿನ್ ಮಲಗಿತ್ತು. ಜೊತೆಗೆ ಒಂದು ಚೀಟಿ: 'ಪ್ರೀತಿಯಿಂದ, ಶೇಷಪ್ಪ, ತೀರ್ಥಹಳ್ಳಿ.'

ಶೇಷಪ್ಪ ಅಪ್ಪನ ಶಾಲೆಯ ಗೆಳೆಯ. ಹೆಸರು ಕೇಳಿದ್ದೇ ತಡ, ಹೂವಮ್ಮ ಇವರೇ ಇವರೇ ಅಂದಳು. ಸಿಮ್ಮು ಹಾಕಿದ ದಿನದಿಂದ ಶೇಷಪ್ಪ ದಿನಾ ಸಂಜೆ ಫೋನ್ ಮಾಡಿ ನೇಮಿ, ನೇಮಿ ಅಂತ ಹಳೇ ಕತೆಗಳನ್ನೆಲ್ಲ ಹೇಳುತ್ತಾರೆ. ಮೊದಮೊದಲು ರಾಂಗ್ ನಂಬರ್ ಅಂದರೆ, ಹೌದು ನಮ್ಮಲ್ಲೂ ಮಳೆ ಅನ್ನುತ್ತಿದ್ದರು. ನಾನು ಹೂವಮ್ಮ ಅಂದರೆ, ನನಗೂ ಕೆಮ್ಮು ಅನ್ನುತ್ತಿದ್ದರು. ಅವಳೂ ಸೋತು ಬರೀ ಹೂಂ ಅನ್ನಲು ಶುರುಮಾಡಿದಳು. ಕೊನೆಗೆ, ಊಟ ಆಯ್ತಾ ಅಂತ ಒಂದು ಸಲ ಕಿರುಚಿ ಫೋನ್ ಇಡುತ್ತಾಳೆ. ಬಜ್ಜಿಯ ಕತೆ ಗೊತ್ತಾದದ್ದು ಹಾಗೆ. ಇಷ್ಟು ಹೇಳಿ, ಕುಕ್ಕರ್ ಕೂಗಿತೆಂದು ಹೂವಮ್ಮ ಫೋನ್ ಇಟ್ಟಳು.

ಪದ್ಮಲತಾ: ಅಂದ್ರೆ ಅವ್ರಿಗೆ ಮಾವ ಹೋಗಿದ್ದೇ ಗೊತ್ತಿಲ್ಲ. ನೀವು ತಿಳಿಸ್ಲಿಲ್ವಾ?

ಪುಷ್ಪರಾಜ್: ತಿಳಿಸ್ದೆ ಕಣೇ. ಅವತ್ತೇ ಫೋನ್ ಮಾಡಿ ಅಪ್ಪ ಹೋಗ್ಬಿಟ್ರು ಅಂದೆ.

ಪದ್ಮಲತಾ: ಅದಕ್ಕೆ ಏನಂದ್ರು?

ಪುಷ್ಪರಾಜ್: ವರದಹಳ್ಳಿಗಾ? ಹೋಗ್ಬರ್ಲಿ ಬಿಡು, ಅಂದ್ರು. ದುಃಖದಲ್ಲಿ ಏನೋ ಹೇಳ್ತಿದ್ದಾರೆ ಅಂದ್ಕೊಂಡೆ.

ಪದ್ಮಲತಾ: ಹೋಗ್ಬಿಟ್ರು ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ನೀವು ಯಾವತ್ತು ಯಾವುದನ್ನ ಬಿಡಿಸಿ ಹೇಳಿದ್ದೀರಿ?

ಪುಷ್ಪರಾಜ್: ಮತ್ತೇನು, ಸತ್ತರು ಅನ್ಬೇಕಿತ್ತಾ, ಅದೂ ಅಪ್ಪನಿಗೆ?

ಈಗ ಯಾರು ತಿಳಿಸುವುದು ಎಂಬುದಕ್ಕೆ ಇನ್ನೊಂದು ಸುತ್ತು ನಡೆಯಿತು. ಪಾಪ, ಕಿವಿ ಕೇಳದ ಮುದುಕ, ತನ್ನ ಗೆಳೆಯನಿಗೇ ಕಿವಿ ಕೇಳುತ್ತಿಲ್ಲ ಎಂದುಕೊಂಡು ಮೆಷಿನ್ ಕಳಿಸಿದ್ದಾರೆ. ನೆನೆದರೆ ಪುಷ್ಪರಾಜನಿಗೆ ನಗುವೂ ಬಂತು, ಸಂಕಟವೂ ಆಯಿತು. ನಡುವೆ ಸ್ಟೀಲ್ ಬಕೆಟ್ ಕೇಳಲು ಬಂದ ಗಿರಾಕಿಯೊಬ್ಬರನ್ನು ಆಮೇಲೆ ಬನ್ನಿ ಎಂದು ಕಳಿಸಿ, ಸ್ಪೀಕರ್ ಹಾಕಿ ತೀರ್ಥಹಳ್ಳಿಗೆ ಫೋನ್ ಮಾಡಿದ. ಉಸಿರು ತುಂಬಿಕೊಂಡು ಕೂಗಿದ.

ಪುಷ್ಪರಾಜ್: ಶೇಷಪ್ಪ ಮಾಮ! ನಾನು ಸಾಗರದ ಪುಷ್ಪರಾಜ!

ಶೇಷಪ್ಪ: ಕಿರುಚ್ಬೇಡ ಮಾರಾಯ, ಇರೋ ಕಿವೀನೂ ಹೋಗುತ್ತೆ.

ಪುಷ್ಪರಾಜ್ ತಬ್ಬಿಬ್ಬಾಗಿ ದನಿ ತಗ್ಗಿಸಿದ.

ಪುಷ್ಪರಾಜ್: ಮಾಮ, ಅವತ್ತು ಅಪ್ಪ ಹೋದ್ರು ಅಂದಿದ್ನಲ್ಲ, ಅದು ವಾಪಸ್ ಬರೋ ಥರ ಹೋಗಿದ್ದಲ್ಲ.

ಶೇಷಪ್ಪ: ಗೊತ್ತು ಮಗಾ.

ಆಮೇಲೆ ಶೇಷಪ್ಪ ನಿಧಾನಕ್ಕೆ ಎಲ್ಲ ಹೇಳಿದರು. ದೀಪಾವಳಿಗೆ ಮಗಳು ಪ್ರತಿಮಾ ಅವರಿಗೊಂದು ಕಿವಿ ಮೆಷಿನ್ ಹಾಕಿಸಿದಳು. ಅವತ್ತು ಸಂಜೆ ನೇಮಿಗೆ ಫೋನ್ ಮಾಡಿದರೆ ಹೆಂಗಸಿನ ದನಿ. ಪ್ರತಿಮಾಳನ್ನು ಕೇಳಿದಾಗ ನೇಮಿ ತೀರಿಹೋದ ವಿಷಯ ಗೊತ್ತಾಯಿತು. ಅವಳು ಮೊದಲೇ ಹೇಳಿದ್ದಳಂತೆ, ಇವರಿಗೇ ಕೇಳಿರಲಿಲ್ಲ. ಎಷ್ಟೋ ದಿನ ಊಟ ಸೇರಲಿಲ್ಲ. ಸಂಜೆಯಾದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಮಾಡುತ್ತಿದ್ದರು.

ಪುಷ್ಪರಾಜ್: ಹಂಗಾದ್ರೆ ಈ ಮೆಷಿನ್ ಯಾರಿಗೆ ಮಾಮ?

ಶೇಷಪ್ಪ: ನಿನ್ನ ಹೆಂಡ್ತಿ ಹತ್ರದಲ್ಲಿ ಇದ್ದಾಳಾ?

ಪದ್ಮಲತಾ ಇಲ್ಲ ಅನ್ನಿ ಎಂದು ಕೈಯಾಡಿಸಿದಳು.

ಪುಷ್ಪರಾಜ್: ಇಲ್ಲ ಮಾಮ.

ಶೇಷಪ್ಪ: ಅವಳಿಗೇ ಮಾರಾಯ. ಎಂಥಾ ಹುಡುಗಿ ಅದು! ಮಾವ ಹೋದ್ಮೇಲೂ ಮಾವನ ಫೋನ್ ಎತ್ತಿ ನನ್ನ ಹಳೇ ಪುರಾಣಕ್ಕೆಲ್ಲ ಹೂಂ ಅಂತಾಳೆ. ದಿನಾ ಊಟ ಆಯ್ತಾ ಅಂತ ಕೇಳ್ತಾಳೆ. ಆದ್ರೆ ಕಿವಿ ಪೂರಾ ಹೋಗಿದೆ. ಆ ಕಿರುಚಾಟ ಕೇಳಿದ್ರೇ ಗೊತ್ತಾಗುತ್ತೆ, ನಾನೂ ಮೊದ್ಲು ಹಂಗೇ ಕಿರುಚ್ತಿದ್ದೆ. ಒಂದೇ ಮನೇಲಿದ್ದು ನಿಂಗೆ ಗೊತ್ತಾಗ್ಲಿಲ್ವಾ?

ಪುಷ್ಪರಾಜ್ ಹೆಂಡತಿಯ ಮುಖ ನೋಡಿದ. ಇಂಥ ಅವಕಾಶ ಅವನ ಸಂಸಾರದಲ್ಲಿ ಹಿಂದೆ ಬಂದಿರಲಿಲ್ಲ.

ಪುಷ್ಪರಾಜ್: ಅನುಮಾನ ಇತ್ತು ಮಾಮ. ನಾನು ಹೇಳಿದ್ದು ಯಾವುದೂ ಅವಳ ಕಿವಿಗೆ ಬೀಳಲ್ಲ.

ಪದ್ಮಲತಾ ಕೈಗೆ ಸಿಕ್ಕ ಸೌಟನ್ನು ಎತ್ತಿದಳು. ಪುಷ್ಪರಾಜ್ ಗಲ್ಲಾದ ಆಚೆ ಬದಿಗೆ ಹೋಗಿ ನಿಂತ.

ಪುಷ್ಪರಾಜ್: ಮತ್ತೆ ಅಪ್ಪನ ಹೆಸರಿಗ್ಯಾಕೆ ಕಳಿಸಿದ್ರಿ?

ಶೇಷಪ್ಪ: ಹೆಣ್ಮಗಳ ಹೆಸರಿಗೆ ಕಿವಿ ಮೆಷಿನ್ ಬಂದ್ರೆ ಪೇಟೆಗೆಲ್ಲ ಗೊತ್ತಾಗಲ್ವಾ? ನೇಮಿಗೆ ಕಿವಿ ಕೇಳಲ್ಲ ಅಂತ ಜನ ಆಡ್ಕೊಂಡ್ರೆ ಅವ್ನೀಗ ಬೇಜಾರೇನೂ ಮಾಡ್ಕೊಳಲ್ಲ.

ಪದ್ಮಲತಾ ಸೌಟು ಕೆಳಗಿಟ್ಟು ಗಂಡನ ಕೈಯಿಂದ ಫೋನ್ ಕಿತ್ತುಕೊಂಡಳು. ಕಾರ್ಗಲ್ಲಿನ ಹೂವಮ್ಮನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿಬಿಟ್ಟರೆ ನಾಳೆ ಸಂಜೆ ಈ ಮುದುಕ ಯಾರಿಗೆ ಫೋನ್ ಮಾಡಬೇಕು ಎಂದು ಅವಳಿಗೆ ಅನ್ನಿಸಿತೋ ಏನೋ, ಅಷ್ಟನ್ನು ನುಂಗಿಕೊಂಡಳು. ತನ್ನ ಕಿವಿಯ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬೇಕಲ್ಲ. ಆದಷ್ಟು ಮೆಲ್ಲಗೆ, ಆದಷ್ಟು ವಿನಯವಾಗಿ ಮಾತಾಡಿದಳು.

ಪದ್ಮಲತಾ: ನಮಸ್ಕಾರ ಮಾಮ. ನಾನು ಪದ್ಮಲತಾ. ನಂಗೆ ಎಲ್ಲಾ ಚೆನ್ನಾಗಿ ಕೇಳ್ತಾ ಇದೆ.

ಆ ಕಡೆಯಿಂದ ಶೇಷಪ್ಪನವರ ಸಂತೋಷ ತುಂಬಿದ ದನಿ ಬಂತು.

ಶೇಷಪ್ಪ: ನೋಡಿದ್ಯಾ ಪುಷ್ಪರಾಜ, ಮೆಷಿನ್ ಹಾಕ್ಕೊಂಡ ಕೂಡ್ಲೇ ದನಿ ಎಷ್ಟು ಮೆತ್ತಗಾಯ್ತು!